ನೀರು ಹೋಗುವ ದಾರಿ

ತೊಂಬತ್ತೇಳರಲ್ಲಿ ನಾನು ಹರಿಹರದ ಹೈಸ್ಕೂಲೊಂದರಲ್ಲಿ ಗಣಿತ ಕಲಿಸುತ್ತಿದ್ದೆ. ಪಕ್ಕದ ಕೋಣೆಯಲ್ಲಿ ಇತಿಹಾಸದ ಮೇಷ್ಟ್ರು ಒಂದೇ ಪಾಠವನ್ನು ವಾರಗಟ್ಟಲೆ ಎಳೆಯುತ್ತಿದ್ದರು. ಹೊಳೆ ನೀರು ಹಾಯಿಸಿ ಬಂಗಾರದಂಥ ಬೆಳೆ ತೆಗೆದ ಹಳೆಯ ನಾಡೊಂದು, ನೆಲದಲ್ಲಿ ಉಪ್ಪು ಮೇಲೆದ್ದು ಹಾಳಾದ ಪಾಠ.

“ವೈರಿ ಬಂದು ಕೆಡವಲಿಲ್ರಪ್ಪ! ನೀರು ಬರೋ ದಾರಿ ಮಾಡಿದ್ರು, ಹೋಗೋ ದಾರಿ ಎಲ್ಲೈತೆ?” ಎಂದು ಅವರು ಮೇಜು ಕುಟ್ಟಿದರೆ ಗೋಡೆಯಾಚೆ ನನ್ನ ಮಕ್ಕಳು ಲೆಕ್ಕ ತಪ್ಪುತ್ತಿದ್ದರು. ನನಗೆ ರೇಗುತ್ತಿತ್ತು.

ಒಮ್ಮೆ ಚಹಾ ಕುಡಿಯುವಾಗ, ಕೊಕ್ಕನೂರಿನ ನಮ್ಮ ಗದ್ದೆಯ ತಗ್ಗಿನಲ್ಲಿ ನೆಲ ಬೆಳ್ಳಗಾಗಿ ಭತ್ತ ಸುಡುತ್ತಿದೆ ಎಂದೆ. ಭಾನುವಾರ ಬೆಳಿಗ್ಗೆಯೇ ಮೇಷ್ಟ್ರು ಸೈಕಲ್ ತುಳಿದುಕೊಂಡು ಗದ್ದೆಗೆ ಬಂದರು. ನಿಂತ ನೀರೇ ಉಪ್ಪನ್ನು ಮೇಲೆಬ್ಬಿಸಿದೆ, ಅದನ್ನು ಹೊರಗೆ ಬಿಡಿ ಎಂದು ಅಪ್ಪನಿಗೆ ಹೇಳಿದರು.

“ಭತ್ತ ಸುಡ್ತೈತೆ ಅಂತ್ಲೇ ಇನ್ನಷ್ಟು ನೀರು ಕಟ್ಟೀನ್ರಿ,” ಎಂದರು ಅಪ್ಪ. “ಕಾಲುವೆ ನೀರು ಸಿಗೋದೇ ಕಷ್ಟ. ಹೊರಗ ಬಿಡು ಅಂತೀರಲ್ಲ ಮೇಷ್ಟ್ರೇ!”

ಮೇಷ್ಟ್ರು ಆ ಬಿಳಿ ಮಣ್ಣನ್ನು ಒಂದು ಚಿಟಿಕೆ ತಮ್ಮ ನಾಲಿಗೆಗೆ ಇಟ್ಟುಕೊಂಡರು, ಇನ್ನೊಂದು ಚಿಟಿಕೆ ಅಪ್ಪನ ಅಂಗೈಗೆ ಹಾಕಿದರು. ಅಪ್ಪ ನೆಕ್ಕಿದರು, ಥೂ ಎಂದು ಉಗಿದರು. ಮರುದಿನದಿಂದಲೇ ಹಳ್ಳದವರೆಗೆ ಬಸಿಗಾಲುವೆ ತೋಡತೊಡಗಿದರು. ಸಿಕ್ಕ ನೀರು ಚೆಲ್ಲುವ ಹುಚ್ಚ ಎಂದು ಊರು ನಕ್ಕಿತು.

ಎರಡು ವರ್ಷಕ್ಕೆ ಆ ತಗ್ಗು ಹಸಿರಾಯಿತು. ಮೇಷ್ಟ್ರು ತಮ್ಮ ಇಡೀ ತರಗತಿಯನ್ನು ಅಲ್ಲಿಗೆ ಕರೆತಂದರು. ಅವರು ಬಾಯಿ ತೆರೆಯುವ ಮೊದಲೇ, ಅಕ್ಷರ ಬಾರದ ನಮ್ಮಪ್ಪ ಬದುವಿನ ಮೇಲೆ ನಿಂತು ಮಕ್ಕಳನ್ನು ಕೇಳಿದರು: “ನೀರು ಬರೋ ದಾರಿ ನೋಡಿದ್ರಿ. ಹೋಗೋ ದಾರಿ ಎಲ್ಲೈತೆ, ಹೇಳ್ರಿ?”

ಮೇಷ್ಟ್ರು ಮಕ್ಕಳ ಸಾಲಿನ ಹಿಂದಕ್ಕೆ ಹೋದರು. ಅಲ್ಲಿ ನಿಂತು, ಎಲ್ಲರಿಗಿಂತ ಮೊದಲು ಕೈ ಎತ್ತಿದರು.