ತಪ್ಪನ್ನೇ ಕೇಳಿಸಿಕೊಳ್ಳುವ ಕಿವಿ

ಬೆಳಗಿನ ಐದು ಗಂಟೆ. ರೆಕಾರ್ಡ್ ಅಚ್ಚೊತ್ತುವ ಕಾರ್ಖಾನೆಯ ಯಂತ್ರಗಳು ಇನ್ನೂ ಎದ್ದಿಲ್ಲ. ಮೂಲೆಯ ಕೋಣೆಯಲ್ಲಿ ಅಕ್ಕ ಹೊಸ ರೆಕಾರ್ಡೊಂದನ್ನು ಅಂಚು ಹಿಡಿದು ಪ್ಲೇಯರ್ ಮೇಲಿಡುತ್ತಾರೆ, ಮುಳ್ಳು ಇಳಿಸುತ್ತಾರೆ, ಕಣ್ಣು ಮುಚ್ಚುತ್ತಾರೆ. ಅಲ್ಲಿ ಎಲ್ಲರಿಗೂ ಅಕ್ಕ, ಹಾಗಾಗಿ ನನಗೂ ಅಕ್ಕನೇ. ಆಹಾ, ಹಾಡು ಕೇಳುವುದಕ್ಕೆ ಸಂಬಳ, ಪುಣ್ಯವಂತೆ ಎಂದೆ ನಾನು.

"ಹಾಡು ಯಾರು ಕೇಳ್ತಾರೆ? ಹಾಡು ಕೇಳಿದ್ರೆ ಕೆಲಸ ಕೆಟ್ಟ ಹಾಗೆ," ಎಂದು ನಗುತ್ತಾರೆ. ಅವರು ಕೇಳುವುದು ಚಟ್ ಎನ್ನುವ ಸದ್ದು, ಕರಕರ, ಮುಳ್ಳು ಎಡವುವುದು; ಒಂದೊಂದಕ್ಕೂ ಎದುರಿನ ಕಾಗದದಲ್ಲಿ ಒಂದು ಗೆರೆ. ಇಪ್ಪತ್ತೈದಕ್ಕೊಂದರಂತೆ ಆರಿಸಿ, ಯಂತ್ರ ಶುರುವಾಗುವ ಒಂಬತ್ತೂವರೆಯೊಳಗೆ ಆರು ರೆಕಾರ್ಡ್ ಮುಗಿಸಬೇಕು. "ಮೊಸರಲ್ಲಿ ಕಲ್ಲು ಹುಡುಕೋಕೆ ನಮ್ಮತ್ತಿಗೆಗೆ ಸಂಬಳ ಕೊಡ್ತಾರೆ," ಎಂದು ನಾದಿನಿ ಛೇಡಿಸುತ್ತಾಳಂತೆ.

ಹತ್ತೊಂಬತ್ತು ವರ್ಷದ ಕೆಲಸ. ನಡುವೆ ರೆಕಾರ್ಡ್ ಕೊಳ್ಳುವವರೇ ಇಲ್ಲದೆ ಕಾರ್ಖಾನೆ ಮುಚ್ಚಿದಾಗ ಏಳು ವರ್ಷ ಅಂಗಿಗೆ ಗುಂಡಿ ಹೊಲಿದರು. ಈಗ ಮನೆಯ ಮಂಚದ ಕೆಳಗೆ ನೂರ ನಲವತ್ತು ರೆಕಾರ್ಡ್‌ಗಳಿವೆ, ಒಂದೂ ನೆಟ್ಟಗಿಲ್ಲ. ತಾವು ಬೇಡವೆಂದದ್ದನ್ನು ಮಾತ್ರ ಅವರು ಮನೆಗೊಯ್ಯಬಹುದು. "ಇದು ಮೂರನೇ ಹಾಡಲ್ಲಿ ಎಡವುತ್ತೆ, ಇದಕ್ಕೆ ಸದಾ ನೆಗಡಿ," ಎಂದು ಒಂದೊಂದನ್ನೇ ತೋರಿಸುತ್ತಾರೆ.

ಅಕ್ಕನಿಗೆ ಬೇಕಾಗಿದ್ದು ಮಾತ್ರ ಅವುಗಳಲ್ಲಿಲ್ಲ. ಹೋದ ವರ್ಷ ನಾಲ್ವರು ಗೆಳೆಯರ ಬ್ಯಾಂಡೊಂದು, ಯಾವ ಕಂಪನಿಯ ಹಂಗೂ ಇಲ್ಲದೆ, ಮುನ್ನೂರು ಪ್ರತಿ ಅಚ್ಚು ಹಾಕಿಸಿತು. ಜಾಝ್ ಗಾಳಿ ಬೀಸಿದ ಹಾಡುಗಳು. ಜಾಝ್ ಎಂಬ ಪದ ಅಕ್ಕನಿಗೆ ತಿಳಿದದ್ದು ಆಮೇಲೆ.

"ತಾಳ ಒಂದು ದಾರಿ, ಹಾಡೋಳು ಇನ್ನೊಂದು ದಾರಿ. ಅಯ್ಯೋ, ತಪ್ಪಿಸಿಕೊಂಡ್ಲು ಅನ್ನೋಷ್ಟರಲ್ಲಿ ಬಂದು ಪಕ್ಕದಲ್ಲೇ ನಿಂತಿರ್ತಾಳೆ. ಒಂದು ಬದಿ ಮುಗಿದ ಮೇಲೆ ನೋಡ್ತೀನಿ, ಕಾಗದದಲ್ಲಿ ಒಂದು ಗೆರೆ ಇಲ್ಲ! ಚಟ್ ಅಂತೋ ಇಲ್ವೋ ಅಂತಾನೇ ಗೊತ್ತಿಲ್ಲ. ಮರ್ಯಾದೆ ಹೋಯ್ತಲ್ಲಪ್ಪಾ ಅಂತ ಮತ್ತೆ ಮೊದಲಿಂದ ಹಾಕ್ದೆ."

ಎರಡು ಬೆಳಗು, ಹನ್ನೆರಡು ರೆಕಾರ್ಡ್. ಮುನ್ನೂರಕ್ಕೂ ಮೊದಲೇ ಗಿರಾಕಿಗಳಿದ್ದರು. ಆ ಹಾಡುಗಳು ಫೋನಿನಲ್ಲೂ ಸಿಗುವುದಿಲ್ಲ, ನಾನೇ ಹುಡುಕಿ ಸೋತಿದ್ದೇನೆ. ಬ್ಯಾಂಡೂ ಚದುರಿಹೋಯಿತಂತೆ. ಪಾತ್ರೆ ತೊಳೆಯುವಾಗ ಆ ರಾಗ ಅರ್ಧ ನೆನಪಾಗುತ್ತದೆ, ಮುಂದಿನದು ಎಷ್ಟು ತಡಕಿದರೂ ಬರುವುದಿಲ್ಲ, ಸಂಕಟವಾಗುತ್ತದೆ ಎನ್ನುತ್ತಾ ಅಕ್ಕ ಮುಖ ತಿರುಗಿಸುತ್ತಾರೆ.

"ಒಂದನ್ನ ಕೆಟ್ಟಿದೆ ಅಂತ ಬರೆದು ಮನೆಗೆ ತರಬಹುದಿತ್ತಲ್ಲಕ್ಕಾ?" ಎಂದು ಕೇಳಿದೆ.

"ಹನ್ನೊಂದೂ ಚೊಕ್ಕವಾಗಿದ್ವು. ಕೊನೇದನ್ನ ಹಾಕಿ ಬೇಡಿಕೊಂಡೆ, ಚಟ್ ಅನ್ನು ತಾಯಿ, ಒಂದೇ ಒಂದು ಸಲ ಅಂತ. ನಲವತ್ತು ನಿಮಿಷ ಕಾದೆ," ಎನ್ನುತ್ತಾರೆ ಅಕ್ಕ. "ಅನ್ನಲಿಲ್ಲ. ಸರಿ ಇದೆ ಅಂತ ಬರೆದು ಕಳಿಸ್ದೆ."