ಒಣಗಿಸಿದ ದೋಣಿ

ಅಣ್ಣಾ, ಅಪ್ಪನ ದೋಣಿ ಸತ್ತಿರಲಿಲ್ಲ. ಅದನ್ನು ನಾನು ಒಣಗಿಸಿದೆ.

ಇಷ್ಟು ಹೇಳಲು ಇಷ್ಟು ವರ್ಷ ಬೇಕಾಯಿತು. ಎಷ್ಟೋ ಸಲ ಹೇಳಿಬಿಡಬೇಕೆಂದು ನಿನ್ನ ಪಕ್ಕ ಬಂದು ಕೂತಿದ್ದೇನೆ — ಪ್ರತಿ ಸಲವೂ ಮಾತು ಮಳೆಯ ಕಡೆಗೋ ಕುರಿಗಳ ಕಾಲುಹುಣ್ಣಿನ ಕಡೆಗೋ ತಿರುಗಿತು. ತಿರುಗಿಸಿದವನು ನಾನೇ. ಅದಕ್ಕೇ ಮೊದಲು ಬರೆದು ನೋಡುತ್ತಿದ್ದೇನೆ, ನಡೆದದ್ದನ್ನು ನಡೆದ ಹಾಗೆ.

ಅದು ನಿಜಾಮರ ಕಾಲ. ನಿಜಾಂಸಾಗರದ ಕಟ್ಟೆ ಎದ್ದ ಮೇಲೆ, ನಾರಾಯಣಖೇಡದ ಈಚೆ ನಮ್ಮೂರಿನಿಂದ ದೂರ ಕೆಳಗೆ ಮಂಜೀರಾ ಹೊಳೆ ಹರಿಯುವುದನ್ನು ಬಿಟ್ಟು ನಿಲ್ಲತೊಡಗಿತ್ತು. ನಿಂತ ನೀರಿನಲ್ಲಿ ಮೀನು ಬಹಳ ಎಂದು ಎಲ್ಲರೂ ಹೇಳುತ್ತಿದ್ದರು. ಅಪ್ಪ ತೀರಿಕೊಳ್ಳುವ ಮುಂಚೆ ತನ್ನ ದೋಣಿ ನಿನಗೆ, ಅವ್ವ ಬಿಟ್ಟುಹೋದ ಕುರಿಗಳು ನನಗೆ ಎಂದಿದ್ದ. ಆದರೆ ದೋಣಿ ಮನೆಯ ಮುಂದಿನ ಹುಣಸೆಮರದ ಕೆಳಗೆ ಬೋರಲು ಬಿದ್ದು ವರ್ಷಗಳಾಗಿದ್ದವು. ಹಲಗೆಗಳ ನಡುವೆ ಬೆರಳು ತೂರುವಷ್ಟು ಸಂದು ಬಿಟ್ಟಿತ್ತು. ನೀನು ನನ್ನ ಜೊತೆ ಕುರಿ ಕಾಯುತ್ತಿದ್ದೆ — ಕಣ್ಣು ಮಾತ್ರ ಹೊಳೆಯ ಕಡೆಗೇ.

ಆ ಬೇಸಿಗೆಯಲ್ಲಿ ನೀನು ದೋಣಿಯನ್ನು ಮಗುಚಿ, ಒಂದೊಂದು ಹಲಗೆಯನ್ನೂ ಗೆಣ್ಣಿನಿಂದ ತಟ್ಟಿ, ಕಿವಿಗೊಟ್ಟು ಕೇಳಿದೆ. ಅಪ್ಪನ ಜೊತೆಗಾರ ಈರಣ್ಣ ಕಾಕಾ ನೋಡಿ ನಕ್ಕಿದ್ದ.

“ಏನಪಾ ಮಲ್ಲಪ್ಪ, ಮುದುಕಿಗಿ ಮತ್ತ ಮದಿವಿ ಮಾಡ್ಲತ್ತಿ ಏನು?”

“ಹಲ್ಲು ಇನ್ನಾ ಗಟ್ಟಿ ಅವ ಕಾಕಾ. ಮುದುಕಿಗಿ ನೀರಡಿಕಿ ಆಗ್ಯಾದ, ಅಷ್ಟೇ.”

ಮರುದಿನ ನೀನೂ ಅತ್ತಿಗೆಯೂ ಅವರ ತಮ್ಮನ ಮದುವೆಗೆ ಝರಾಸಂಗಮಕ್ಕೆ ಹೊರಟಿರಿ. ಗಾಡಿ ಹತ್ತುವಾಗ ನೀನು ನನಗೆ ಹೇಳಿದ್ದು ಒಂದಕ್ಷರವೂ ಮರೆತಿಲ್ಲ. “ತಮ್ಮಾ, ನಾ ಬರೂ ತನಾ ದಿನಾ ಎರಡೂ ಹೊತ್ತು ಡೋಣಿಗಿ ನೀರು ಹಾಕು, ಮ್ಯಾಲ ಹಸಿ ಗೋಣಿತಟ್ಟು ಹೊಚ್ಚು. ಹಲಗಿ ಉಬ್ಬಿ ಸಂದು ತಾವೇ ಮುಚ್ಕೋತಾವ. ಬಂದ ಕೂಡ್ಲೆ ಹೊಳ್ಯಾಗ ಇಳಸಿ ನೋಡಾಮು. ತೇಲ್ತಂದ್ರ ಜಹೀರಾಬಾದಿಂದ ರಾಳ, ಎಣ್ಣಿ ತಂದು ಪೂರಾ ದುರಸ್ತಿ. ಮುಳಗ್ತಂದ್ರ ಒಡದು ಹಾಕಾಮು.”

ತೇಲಿದರೆ ನೀವಿಬ್ಬರೂ ಊರು ಬಿಟ್ಟು ಆ ನಿಂತ ನೀರಿನ ದಂಡೆಗೆ ಹೋಗಿ ಗುಡಿಸಲು ಹಾಕುವವರಿದ್ದಿರಿ. ನನಗದು ಗೊತ್ತಿತ್ತು.

ಮೊದಲ ದಿನ ಹಾಕಿದೆ. ನೀರೆಲ್ಲ ಸಂದಿಯಿಂದ ಸುರಿದುಹೋಯಿತು. ಮತ್ತೆ ಹಾಕಿದೆ. ಮರುದಿನ ಸಂಜೆ ನೋಡಿದರೆ ತಳದ ಒಂದು ಸಂದು ಕಿರಿದಾಗಿತ್ತು. ಬೆರಳಿಟ್ಟೆ — ತೂರಲಿಲ್ಲ. ಅಲ್ಲಿಗೆ ಕೊಡ ಕೆಳಗಿಟ್ಟೆ.

ಮರೆತೆ ಎಂದರೆ ಸುಳ್ಳಾಗುತ್ತದೆ. ದೋಣಿ ಬದುಕುತ್ತದೆ ಎಂದು ಕಣ್ಣಾರೆ ಕಂಡ ಮೇಲೆಯೇ ನೀರು ನಿಲ್ಲಿಸಿದೆ. ನೀನು ಹೋದರೆ ಆ ಮನೆಯಲ್ಲಿ ನಾನೊಬ್ಬನೇ, ಕುರಿಗಳ ಹಿಂದೆ ನಾನೊಬ್ಬನೇ — ಇಲ್ಲ, ಇದನ್ನು ನೆವವಾಗಿ ಹೇಳುತ್ತಿಲ್ಲ. ಹೋಗಬೇಡ ಎಂದು ನಿನಗೆ ಹೇಳಬಹುದಿತ್ತು. ಹೇಳಲಿಲ್ಲ.

ದಿನವೂ ಮರದ ನೆರಳು ಸರಿದು ಬಿಸಿಲು ದೋಣಿಯ ಮೇಲೆ ಬಿತ್ತು. ಮುಚ್ಚಿದ್ದ ಸಂದು ಮತ್ತೆ ಬಾಯಿ ಬಿಟ್ಟಿತು. ನೀವು ಬರುವ ದಿನ ಬೆಳಿಗ್ಗೆ ನಾನು ಗೋಣಿತಟ್ಟುಗಳನ್ನು ಚೆನ್ನಾಗಿ ತೋಯಿಸಿ, ಹಿಂಡದೆ ಹೊದಿಸಿದೆ. ನೀನು ಗಾಡಿಯಿಂದಿಳಿದು ಮೊದಲು ಅವುಗಳನ್ನೇ ಮುಟ್ಟಿದೆ.

“ನೀರು ಹಾಕಿದೆಲ್ಲ ತಮ್ಮಾ?”

“ದಿನಾ ಎರಡೂ ಹೊತ್ತು ಹಾಕೀನಿ, ಅಣ್ಣಾ.”

ಅದೇ ಗಾಡಿಯಲ್ಲಿ ದೋಣಿಯನ್ನು ಹೊಳೆಗೆ ಒಯ್ದೆವು. ನೀನು ಹತ್ತಿ ಕೂತು ಹುಟ್ಟು ಕೈಗೆ ತೆಗೆದುಕೊಳ್ಳುವಷ್ಟರಲ್ಲೇ ನೀರು ಒಳಗೆ ನುಗ್ಗಿತು, ಎಲ್ಲ ಕಡೆಯಿಂದಲೂ. ನೀನು ಎರಡೂ ಅಂಗೈಯನ್ನು ಸಂದಿಗೆ ಒತ್ತಿ ಹಿಡಿದೆ — ಕೈಯಿಂದ ತಡೆಯಲಾಗುತ್ತದೆ ಎನ್ನುವ ಹಾಗೆ. ಜೊತೆಗೆ ಬಂದಿದ್ದ ಕಾಕಾ ಆ ದಿನ ಚೇಷ್ಟೆ ಮಾಡಲಿಲ್ಲ. ಸೊಂಟದವರೆಗೆ ತೋಯ್ದು ದಂಡೆಗೆ ಬಂದ ನೀನು ನನ್ನ ಮುಖ ನೋಡಿದೆ. ನಾನು ಅಳುತ್ತಿದ್ದೆ. ನೀನು ಹೆಗಲ ಮೇಲೆ ಒದ್ದೆ ಕೈಯಿಟ್ಟು ಅಂದೆ: “ಹೋಗ್ಲಿ ಬಿಡೋ. ಅದರ ಜೀವ ಅಪ್ಪನ ಸಂಗಾಟನೇ ಹೋಗ್ಯಾದ. ನೀ ಭಾಳ ಕಷ್ಟಪಟ್ಟಿ, ಪಾಪ.”

ಆ ಮಾತನ್ನು ನಾನು ತೆಗೆದುಕೊಂಡೆ. ಅದು ನನಗೆ ಸಲ್ಲದ್ದಾಗಿದ್ದರೂ.

ದೋಣಿ ಒಡೆದು, ಅದರ ಹಲಗೆಗಳಿಂದ ನೀನೇ ಕುರಿದೊಡ್ಡಿಗೆ ಬಾಗಿಲು ಮಾಡಿದೆ. ಆಮೇಲಿನ ನಮ್ಮ ಬದುಕು ಕೆಟ್ಟದ್ದಾಗಿರಲಿಲ್ಲ, ಅಣ್ಣಾ. ಅದನ್ನೂ ಹೇಳದಿದ್ದರೆ ಸುಳ್ಳಾಗುತ್ತದೆ. ಹಿಂಡು ಬೆಳೆಯಿತು. ಒಂದೇ ಒಲೆಯ ರೊಟ್ಟಿ ಉಂಡೆವು. ನಿನ್ನ ಮಗಳು ನನ್ನ ಬೆನ್ನ ಮೇಲೆ ಬೆಳೆದಳು. ಈಗಲೂ ಸಂಜೆ ಕುರಿಗಳು ಒಳಸೇರಿದ ಮೇಲೆ ನಾವಿಬ್ಬರೂ ಆ ಬಾಗಿಲಿಗೆ ಒರಗಿ ಕೂರುತ್ತೇವೆ. ನನಗೆ ಅದಕ್ಕಿಂತ ಹಿತವಾದ ಹೊತ್ತಿಲ್ಲ.

ಆದರೆ ಪ್ರತಿ ಮಳೆಗಾಲಕ್ಕೂ ಆ ಬಾಗಿಲು ಉಬ್ಬಿ ಚೌಕಟ್ಟಿನಲ್ಲಿ ಬಿಗಿದುಕೊಳ್ಳುತ್ತದೆ. ಒಳಗೆ ಕುರಿಗಳು ಅರಚುತ್ತವೆ. ನೀನು ಭುಜ ಕೊಟ್ಟು ನೂಕುತ್ತೀಯ, ನಗುತ್ತೀಯ: “ನೋಡೋ, ನೀರು ಕಂಡ್ರ ಇನ್ನಾ ಹೆಂಗ ಉಬ್ಬತಾದ ಇದು!” ನಗುವಾಗ ನಿನ್ನ ಕಣ್ಣು ನನ್ನ ಮೇಲಿರುತ್ತದೋ ಬಾಗಿಲ ಮೇಲಿರುತ್ತದೋ — ನಾನು ಒಮ್ಮೆಯೂ ತಲೆಯೆತ್ತಿ ನೋಡಿಲ್ಲ.

ನಿನ್ನೆ ನೀನು ಹೇಳಿದೆ: “ಈ ಸಲ ಅದರ ಅಂಚು ಹೆರದು ಬಿಡೋ ತಮ್ಮಾ, ನನ್ನ ಭುಜ ಮಾತು ಕೇಳವಲ್ದು.” ಹೂಂ ಎಂದೆ. ಬೆಳಿಗ್ಗೆ ಮರ ಹೆರೆಯುವ ಕೀಸುಳಿ ಹಿಡಿದು ಬಾಗಿಲ ಮುಂದೆ ನಿಂತೆ. ಕೈ ಬರಲಿಲ್ಲ.

ನೀನೀಗ ಹಿಂಡಿನ ಜೊತೆ ಹೋಗಿದ್ದೀಯ. ಸಂಜೆ ಬರುತ್ತೀಯ. ಕೀಸುಳಿಯನ್ನು ನಿನ್ನ ಕೈಗೆ ಕೊಟ್ಟು, ಇಲ್ಲಿ ಬರೆದಷ್ಟನ್ನೂ ಬಾಯಿಬಿಟ್ಟು ಹೇಳುತ್ತೇನೆ. ಆಮೇಲೆ ಆ ಹಲಗೆಯನ್ನು ಹೆರೆಯಬೇಕೋ ಬೇಡವೋ — ಈ ಸಲ ನಿಜ ತಿಳಿದು ನೀನೇ ಹೇಳು.