ಗಾಳಿಯಕ್ಕ ವೈಪರ್ ಆಡಿಸಿದ್ದು

ಗಾಳಿಯಕ್ಕ ಅಂದರೆ ಆ ಬೀದಿಯಲ್ಲಿ ಗೊತ್ತಿಲ್ಲದವರಿಲ್ಲ. ಸೈಕಲ್ ಅಂಗಡಿಯ ಹಿಂದಿನ ಕೋಣೆಯಲ್ಲೇ ಹುಟ್ಟಿ, ಚಕ್ರದ ರಿಮ್ಮು ಹಿಡಿದುಕೊಂಡೇ ನಡೆಯಲು ಕಲಿತವಳು. ಅಪ್ಪ ಕಣ್ಣು ಮುಚ್ಚಿದ ಮೇಲೆ ಅಂಗಡಿಗೆ ಬೀಗ ಹಾಕಲು ಮನಸ್ಸು ಬಾರದೆ ಪಂಪನ್ನು ತಾನೇ ಕೈಗೆತ್ತಿಕೊಂಡಳು. ಪಂಕ್ಚರ್ ಹುಡುಕಲು ಅವಳಿಗೆ ನೀರಿನ ಬೋಗುಣಿ ಬೇಕಿರಲಿಲ್ಲ. ಟ್ಯೂಬನ್ನು ಕೆನ್ನೆಯ ಹತ್ತಿರ ಹಿಡಿದು ಮೆಲ್ಲಗೆ ತಿರುಗಿಸುವಳು. ಗಾಳಿ ತಾಗಿದ ಕಡೆ ಉಗುರಿನಿಂದ ಗುರುತು ಮಾಡುವಳು. ಮದುವೆಯಾದ ಮೇಲೂ ಅಂಗಡಿ ಬಿಡಲಿಲ್ಲ. ಬಿಡು ಅಂತ ಅತ್ತೆ ಹೇಳಲೂ ಇಲ್ಲ.

ಆ ಅತ್ತೆಯೇನೂ ಸಾಮಾನ್ಯದವಳಲ್ಲ. ಬೆಟ್ಟದ ಊರುಗಳಿಗೆಲ್ಲ ಹೆರಿಗೆ ಮಾಡಿಸಲು ಹೋಗುತ್ತಿದ್ದ ನರ್ಸು. ಗಂಡಸರೇ ಸ್ಟಿಯರಿಂಗ್ ಹಿಡಿಯಲು ಅಂಜುತ್ತಿದ್ದ ತಿರುವುಗಳಲ್ಲಿ ತನ್ನ ಕಾರು ತಾನೇ ಓಡಿಸಿಕೊಂಡು ಹೋದವಳು. ಅದೇ ಕಾರು ಈಗಲೂ ಮನೆಯ ಪಕ್ಕದ ತಗಡಿನ ಚಪ್ಪರದಡಿ ನಿಂತಿತ್ತು. ದುಂಡಗಿನ ಮೂತಿ, ಹೊರಗೆ ಚಾಚಿದ ದೀಪಗಳು. ಮನೆಯವರು ಅದನ್ನು ಕರೆಯುತ್ತಿದ್ದದ್ದು ‘ಮುದುಕಿ’ ಅಂತ. ಎಂಜಿನ್ ಗಟ್ಟಿಯಾಗಿತ್ತು. ಸತ್ತಿದ್ದದ್ದು ವೈಪರ್ ಮಾತ್ರ. ಹಾಗಾಗಿ ಮೋಡ ಕಂಡರೆ ಮುದುಕಿಗೆ ಮನೆವಾಸ.

ಒಂದು ಬೆಳಿಗ್ಗೆ ಗಾಳಿಯಕ್ಕನ ಗಂಡ, ಲೆಕ್ಕದ ಮೇಷ್ಟ್ರು, ತಿಂಡಿ ತಿನ್ನುತ್ತಾ ಪೇಪರಿನ ಸುದ್ದಿಯೊಂದನ್ನು ಜೋರಾಗಿ ಓದಿಬಿಟ್ಟ. ಬೆಟ್ಟದ ತುದಿಯಲ್ಲಿ ಹಳೇ ಕಾರುಗಳೆಲ್ಲ ಸೇರುತ್ತವೆ. ಲಾರಿ ಮೇಲೆ ಹೇರಿಕೊಂಡು ಬರುವಂತಿಲ್ಲ, ಓಡಿಸಿಕೊಂಡೇ ಬರಬೇಕು. ಓದಿ ಮುಗಿಸುವಷ್ಟರಲ್ಲಿ ಅವನಿಗೆ ತನ್ನ ತಪ್ಪು ಗೊತ್ತಾಯಿತು. ಅಮ್ಮ ಲೋಟ ಕೆಳಗಿಟ್ಟಾಗಿತ್ತು.

“ನಾವೂ ಹೋಗೋಣ ಕಣೋ.”

“ಅಮ್ಮಾ, ಮಳೆಗಾಲ ಇದು. ವೈಪರ್ ಇಲ್ಲ. ನಿನಗೆ ಕಣ್ಣಲ್ಲಿ ಪೊರೆ ಬಂದಿದೆ.”

“ನನ್ನ ಕಣ್ಣಿನ ಪೊರೆ ಡಾಕ್ಟ್ರು ತೆಗೀತಾರೆ. ಗಾಜಿನ ಪೊರೆ ತೆಗೆಯೋಕೆ ಮನೇಲೇ ಒಬ್ಬಳು ಇದ್ದಾಳಲ್ಲ!”

ಗಾಳಿಯಕ್ಕ ಬಾಯಿಗೆ ತುತ್ತು ಇಡುತ್ತಿದ್ದವಳು ಹಾಗೇ ನಿಂತಳು. “ಅತ್ತೆ, ನನಗೆ ಸೈಕಲ್ ಗೊತ್ತು. ಕಾರಿನ ವೈಪರ್ ಕರೆಂಟಿನ ಕೆಲಸ.”

“ಕರೆಂಟೂ ಇಲ್ಲ, ಮಣ್ಣೂ ಇಲ್ಲ. ಅದು ಗಾಳೀಲಿ ಆಡೋದು ಕಣೇ!”

ಗಾಳಿ ಅಂದದ್ದೇ ತಡ, ಅವಳ ಕಿವಿ ನೆಟ್ಟಗಾಯಿತು. ಕೈ ತೊಳೆದವಳೇ ಸ್ಪ್ಯಾನರ್ ಹಿಡಿದು ಚಪ್ಪರಕ್ಕೆ ಓಡಿದಳು.

ಬಾನೆಟ್ ಎತ್ತಿ ನೋಡಿದರೆ ನಿಜವೇ. ಎಂಜಿನ್ನಿನಿಂದ ಬೆರಳು ಗಾತ್ರದ ರಬ್ಬರ್ ಪೈಪೊಂದು ಹೊರಟು, ಗಾಜಿನ ಬುಡದಲ್ಲಿದ್ದ ಅರ್ಧಚಂದ್ರಾಕಾರದ ತಗಡಿನ ಡಬ್ಬಿಗೆ ಸೇರಿತ್ತು. ಎಂಜಿನ್ ಓಡುವಾಗ ಗಾಳಿಯನ್ನು ಒಳಗೆಳೆದುಕೊಳ್ಳುತ್ತದೆ; ಆ ಸೆಳೆತವೇ ಡಬ್ಬಿಯೊಳಗಿನ ರೆಕ್ಕೆಯೊಂದನ್ನು ಅತ್ತಿಂದಿತ್ತ ಎಳೆದಾಡಿಸಿ ವೈಪರ್ ಆಡಿಸಬೇಕು. ಪೈಪು ಒಣಗಿ ಸೀಳಿತ್ತು. ಇಷ್ಟೇನಾ ಅಂದುಕೊಂಡು ಗಾಳಿಯಕ್ಕ ಸೈಕಲ್ ಟ್ಯೂಬಿನ ತುಂಡೊಂದನ್ನು ಸುತ್ತಿ ಸಿಕ್ಕಿಸಿದಳು. ಅತ್ತೆ ಎಂಜಿನ್ ಚಾಲೂ ಮಾಡಿದಳು. ಟ್ಯೂಬು ‘ಸುಯ್’ ಅಂದು ಹಪ್ಪಳದ ಹಾಗೆ ಚಪ್ಪಟೆಯಾಯಿತು. ವೈಪರ್ ಮಿಸುಕಲಿಲ್ಲ.

ಗಾಳಿಯಕ್ಕ ಹಣೆ ಚಚ್ಚಿಕೊಂಡಳು. ಹುಟ್ಟಿದಾಗಿನಿಂದ ಅವಳು ಕಂಡದ್ದು ಉಬ್ಬಿಸುವ ಗಾಳಿ. ಇದು ಹೀರುವ ಗಾಳಿ! ಒಳಗಿನಿಂದ ತಳ್ಳುವುದನ್ನು ತಡೆಯುವ ರಬ್ಬರ್ ಬೇರೆ, ಒಳಕ್ಕೆ ಕುಸಿಯದೆ ನಿಲ್ಲುವ ರಬ್ಬರ್ ಬೇರೆ. ಎದುರುಬೀದಿಯ ವೆಲ್ಡಿಂಗ್ ಅಂಗಡಿಯವನನ್ನು ಕಾಡಿ ಬೇಡಿ ದಪ್ಪ ಗೋಡೆಯ ಪೈಪೊಂದನ್ನು ತಂದಳು. ಈ ಸಲ ಪೈಪು ಗಟ್ಟಿಯಾಗಿ ನಿಂತಿತು. ವೈಪರ್ ಮಾತ್ರ ಒಮ್ಮೆ ನಡುಗಿ ಸುಮ್ಮನಾಯಿತು.

“ಜೀವ ಇದೆ ಅತ್ತೆ!” ಅಂತ ಕೂಗಿದಳು.

“ಇಲ್ದೆ ಎಲ್ಲಿಗೆ ಹೋಗುತ್ತೆ? ಡಬ್ಬಿ ಬಿಚ್ಚು.”

ಅತ್ತೆ ಸೊಸೆ ಇಬ್ಬರೂ ಅಂಗಡಿಯ ಬೆಂಚಿನ ಮೇಲೆ ಡಬ್ಬಿಯನ್ನು ಬಿಚ್ಚಿ ಹರವಿಕೊಂಡು ಕುಳಿತರು. ಒಳಗೆ ಹಳೇ ಗ್ರೀಸು ಮೇಣದಂತೆ ಗಟ್ಟಿಯಾಗಿತ್ತು. ರೆಕ್ಕೆಯ ಅಂಚಿಗಿದ್ದ ಚರ್ಮ ಒಣಗಿ ಸೆಟೆದು, ಸುತ್ತಲೂ ಗಾಳಿಗೆ ದಾರಿ ಬಿಟ್ಟಿತ್ತು. ಚರ್ಮ ಕಂಡೊಡನೆ ಗಾಳಿಯಕ್ಕನ ಮುಖ ಅರಳಿತು. ಸೈಕಲ್ ಪಂಪಿನೊಳಗಿನ ವಾಷರ್ ಕೂಡ ಹೀಗೇ ಅಲ್ಲವೆ ಸಾಯುವುದು? ತಗಡನ್ನು ಸೀಮೆಎಣ್ಣೆಯಲ್ಲಿ ಉಜ್ಜಿದಳು. ಚರ್ಮಕ್ಕೆ ಹರಳೆಣ್ಣೆ ಹಚ್ಚಿ, ಕೂಸಿನ ಕೈಕಾಲು ನೀವುವಂತೆ ನೀವಿದಳು. ನೀವುವುದನ್ನು ಹೇಳಿಕೊಟ್ಟದ್ದು ಅತ್ತೆ. “ಮೆತ್ತಗೆ, ಮೆತ್ತಗೆ. ಅವಸರ ಮಾಡಿದ್ರೆ ಸೀಳುತ್ತೆ.” ಚರ್ಮ ಎಣ್ಣೆ ಕುಡಿಯಿತು, ಮತ್ತೆ ಕುಡಿಯಿತು, ಕೊನೆಗೆ ಬೆರಳಿಗೆ ಬಾಗಿತು. ಮುಚ್ಚಳದಡಿಗೆ ಸೈಕಲ್ ಟ್ಯೂಬನ್ನೇ ಅಳತೆಗೆ ಕತ್ತರಿಸಿ ಹಾಕಿದಳು. ಅಲ್ಲಿಗಾದರೂ ಒದಗಿತಲ್ಲ ಅಂತ ನಕ್ಕಳು.

ಕಾರಿಗೆ ಕೂರಿಸುವವರೆಗೆ ಕಾಯುವ ತಾಳ್ಮೆ ಯಾರಿಗಿತ್ತು? ಪೈಪಿನ ತುದಿಯನ್ನು ಬಾಯಿಗಿಟ್ಟು ಉಸಿರೆಳೆದಳು. ರೆಕ್ಕೆ ‘ಟಕ್’ ಅಂತ ಎಡಕ್ಕೆ ಹೊರಳಿತು. ಇನ್ನೊಮ್ಮೆ ಎಳೆದಳು. ‘ಟಕ್’, ಬಲಕ್ಕೆ! ಅತ್ತೆ ಚಪ್ಪಾಳೆ ತಟ್ಟಿದಳು. ಅದೇ ಹೊತ್ತಿಗೆ ಶಾಲೆ ಮುಗಿಸಿ ಬಂದ ಮೇಷ್ಟ್ರು ಬಾಗಿಲಲ್ಲೇ ನಿಂತುಬಿಟ್ಟ. ಹೆಂಡತಿ ಕೆನ್ನೆ ಒಳಗೆಳೆದುಕೊಂಡು ಪೈಪು ಹೀರುತ್ತಿದ್ದಾಳೆ, ಹೆತ್ತ ತಾಯಿ ಪಕ್ಕದಲ್ಲಿ ಕುಣಿಯುತ್ತಿದ್ದಾಳೆ.

“ಏನಾಗಿದೆ ನಿಮಗಿಬ್ಬರಿಗೂ?”

“ರೀ, ಬನ್ರೀ, ನೀವೂ ಒಂದ್ಸಲ ಎಳೀರಿ!” ಬಾಯಿ ತುಂಬ ಹರಳೆಣ್ಣೆ ವಾಸನೆ, ಮುಖ ತುಂಬ ನಗು.

ಮೇಷ್ಟ್ರು ಬೇಡ ಬೇಡ ಅನ್ನುತ್ತಲೇ ಎಳೆದ. ‘ಟಕ್’ ಅಂದಾಗ ಅವನ ಕಣ್ಣೂ ಅಗಲವಾದವು. ಆಮೇಲೆ ಬೆಟ್ಟಕ್ಕೆ ಹೋಗುವುದು ಬೇಡ ಅನ್ನುವ ಮಾತು ಅವನ ಬಾಯಿಂದ ಬರಲಿಲ್ಲ.

ಹೊರಟ ದಿನ ಆಕಾಶ ಬೇಕೆಂದೇ ಕಾದಿತ್ತೇನೋ, ಏರು ಶುರುವಾದಲ್ಲೇ ಮಳೆ ಹುಯ್ಯತೊಡಗಿತು. ಸ್ಟಿಯರಿಂಗ್ ಹಿಡಿದದ್ದು ಅತ್ತೆಯಿಂದಲೇ ಕಾರು ಓಡಿಸಲು ಕಲಿತಿದ್ದ ಗಾಳಿಯಕ್ಕ. ಪಕ್ಕದಲ್ಲಿ ಅತ್ತೆ, ಹಿಂದೆ ಕೊಡೆ ಅಪ್ಪಿಕೊಂಡ ಮೇಷ್ಟ್ರು. ಅವಳು ಗುಂಡಿ ತಿರುಗಿಸಿದಳು. ವೈಪರ್‌ಗಳು ಮೈಮುರಿದೆದ್ದು ಗಾಜಿನ ನೀರನ್ನು ಬಾಚಿ ಹಾಕಿದವು. ಮೂವರೂ ಒಟ್ಟಿಗೆ ಹೋ ಅಂತ ಕೂಗಿದರು.

ಆ ಖುಷಿ ಮೊದಲ ಕಡಿದಾದ ತಿರುವಿನವರೆಗೆ. ಏರಿಗೆಂದು ಅವಳು ಆಕ್ಸಿಲರೇಟರ್ ಒತ್ತಿದಳು. ವೈಪರ್‌ಗಳು ನಿಧಾನವಾದವು, ಏದುಸಿರು ಬಿಟ್ಟವು, ಗಾಜಿನ ನಟ್ಟನಡುವೆ ನಿಂತೇಬಿಟ್ಟವು. ಮುಂದೆ ಬರೀ ಬಿಳಿ ನೀರು.

“ಅತ್ತೆ, ಕೆಟ್ಟುಹೋಯ್ತು!”

“ಕೆಟ್ಟಿಲ್ಲ ಕಣೇ, ಕಾಲೆತ್ತು! ಜೋರಾಗಿ ಒತ್ತಿದ್ರೆ ಸೆಳೆತ ಸಾಲಲ್ಲ ಅದಕ್ಕೆ. ಒಂದು ಗಳಿಗೆ ಕಾಲೆತ್ತು!”

ಎತ್ತಿದಳು. ವೈಪರ್‌ಗಳು ಸರಕ್ಕನೆ ಹಾರಿದವು. ಗಾಜು ತಿಳಿಯಾದ ಆ ಕ್ಷಣದಲ್ಲೇ ತಿರುವಿನಾಚೆಯಿಂದ ಇಳಿದು ಬರುತ್ತಿದ್ದ ಲಾರಿಯ ದೀಪಗಳು ಕಂಡವು, ಕೈಗೆಟುಕುವಷ್ಟು ಹತ್ತಿರ. ಸ್ಟಿಯರಿಂಗನ್ನು ಪಕ್ಕಕ್ಕೆಳೆದಳು. ಲಾರಿ ಕೆಸರು ಚಿಮ್ಮಿಸಿ ದಾಟಿತು. ಹಿಂದೆ ಮೇಷ್ಟ್ರು ಕೊಡೆಯನ್ನು ಇನ್ನಷ್ಟು ಬಿಗಿಯಾಗಿ ಅಪ್ಪಿಕೊಂಡ. ಅತ್ತೆ ಮಾತ್ರ ಕಿಲಕಿಲ ನಕ್ಕಳು. “ಹೆರಿಗೆ ನೋವು ಶುರುವಾಗಿದೆ ಅಂತ ಹೇಳಿ ಕಳಿಸಿದ್ರೆ ನಾನು ಹೀಗೇ ಹತ್ತಿ ಹೋಗ್ತಿದ್ದೆ. ಒತ್ತು, ಎತ್ತು, ನೋಡು. ಒತ್ತು, ಎತ್ತು, ನೋಡು.”

ಗಾಳಿಯಕ್ಕನ ಕಾಲಿಗೆ ಲಯ ಸಿಕ್ಕಿತು. ಒತ್ತಿದಳು, ಎತ್ತಿದಳು, ನೋಡಿದಳು. ಬೆಟ್ಟ ತಿರುವು ತಿರುವಾಗಿ ಕೆಳಗಿಳಿಯಿತು. ಅರ್ಧ ದಾರಿ ಕಳೆಯುವಷ್ಟರಲ್ಲಿ ಅವಳಿಗೆ ಹೆದರಿಕೆ ಹೋಗಿ, ಇದು ಇನ್ನಷ್ಟು ದೂರ ಇರಬಾರದಿತ್ತೇ ಅನ್ನಿಸಿತ್ತು.

ತುದಿಯ ಬಯಲಿನಲ್ಲಿ ಬಣ್ಣಬಣ್ಣದ ಹಳೇ ಕಾರುಗಳು ನೆನೆಯುತ್ತಾ ಸಾಲಾಗಿ ನಿಂತಿದ್ದವು. ಜನ ಕೊಡೆಯಡಿಯಿಂದ ಕೈಬೀಸಿದರು. ಮುದುಕಿ ನಿಂತದ್ದೇ ತಡ, ಅತ್ತೆ ಬಾಗಿಲು ತೆರೆದು ಮಳೆಗೆ ಇಳಿದುಬಿಟ್ಟಳು.

“ಅಮ್ಮಾ, ಕೊಡೆ!” ಅಂತ ಮೇಷ್ಟ್ರು ಹಿಂದೆಯೇ ಓಡಿದ.

ಅತ್ತೆ ಕಾರಿನ ಮುಂದೆ ಹೋಗಿ ಗಾಜಿಗೆ ಮುಖ ಮಾಡಿ ನಿಂತಳು. “ವೈಪರ್ ನಿಲ್ಲಿಸಬೇಡ ಕಣೇ! ಇಷ್ಟು ವರ್ಷ ಇದು ಮಳೇಲಿ ಆಡೋದನ್ನ ಒಳಗಿನಿಂದ ಮಾತ್ರ ನೋಡಿದ್ದೀನಿ. ಈಚೆಯಿಂದ ಒಂದ್ಸಲ ನೋಡ್ತೀನಿ.”

ಏರಿಲ್ಲ, ಭಾರವಿಲ್ಲ, ಎಂಜಿನ್ ಹಗುರವಾಗಿ ಉಸಿರಾಡುತ್ತಿತ್ತು. ವೈಪರ್‌ಗಳು ಹುಚ್ಚೆದ್ದು ಕುಣಿದವು. ನೆನೆದು ತೊಪ್ಪೆಯಾದ ಅತ್ತೆ ಎರಡೂ ಕೈಗಳನ್ನು ಮುಂದೆ ಚಾಚಿ ಅವುಗಳ ಜೊತೆಗೇ ಅತ್ತಿತ್ತ ಆಡಿಸತೊಡಗಿದಳು. ಗಾಳಿಯಕ್ಕನಿಗೆ ಒಳಗೆ ಕುಳಿತು ನಗು ತಡೆಯಲಾಗಲಿಲ್ಲ. ಯಾಕೋ ಕಣ್ಣೂ ತುಂಬಿದವು.

ಯಾರೋ ಪಕ್ಕದ ಗಾಜು ತಟ್ಟಿದರು. ಕೆಂಪು ಕಾರಿನ ಯಜಮಾನ, ತಲೆಯಿಂದ ನೀರು ಸುರಿಯುತ್ತಿತ್ತು.

“ಅಕ್ಕಾ, ನಮ್ದೂ ಇಂಥದ್ದೇ. ದಾರೀಲಿ ತಲೆ ಹೊರಗೆ ಹಾಕ್ಕೊಂಡು ಓಡಿಸಿದೆ. ಸ್ವಲ್ಪ ನೋಡ್ತೀರಾ?”

“ಬಾನೆಟ್ ಎತ್ತಿ, ಬಂದೆ,” ಅಂದವಳೇ ಗಾಳಿಯಕ್ಕ ಸ್ಪ್ಯಾನರ್ ಹುಡುಕಿಕೊಂಡು ಮಳೆಗಿಳಿದಳು.